ತಾಮ್ರದ ಕೊಳವೆಯ ನೀರು

ನನ್ನ ಯಜಮಾನರು ಅನಿರುದ್ಧ ಮಲ್ಲೇಶ್ವರದ ಒಂದು ಲ್ಯಾಬಿನಲ್ಲಿ ಜೀವಮಾನವೆಲ್ಲ ನೀರು ಪರೀಕ್ಷೆ ಮಾಡಿದವರು. ಕಾವೇರಿ ನೀರಲ್ಲ, ಬೋರ್‌ವೆಲ್ ನೀರೂ ಅಲ್ಲ. ಒಂದು ಕಾಲದಲ್ಲಿ ಉತ್ತರ ಯುರೋಪನ್ನೇ ಮುಚ್ಚಿದ್ದ ಹಿಮದ ಹಾಸು ಕರಗಿ ನೆಲದಾಳಕ್ಕೆ ಇಳಿದ ನೀರು. ಹಿಮ ಮಾಯವಾಗಿ ಸಾವಿರಾರು ವರ್ಷವಾದರೂ ನೀರು ಅಲ್ಲೇ ಇದೆಯಂತೆ. ಅದರಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಅಳೆದರೆ ಹಿಮ ಹೇಗೆ ಕರಗಿತೆಂದು ಗೊತ್ತಾಗುತ್ತದಂತೆ. "ಚಾಮರಾಜಪೇಟೇಲಿ ನಲ್ಲಿ ಬರದೆ ಸಾಯ್ತಿದೀವಿ, ನಿಮಗೆ ಯಾವ ಕಾಲದ ನೀರೋ!" ಎಂದು ನಾನು ರೇಗುತ್ತಿದ್ದೆ. ಪುಣ್ಯಾತ್ಮ, ನಗುತ್ತಿದ್ದರು.

ಹಿಮ ತಳದಿಂದಲೇ ಕರಗಿತು ಎಂಬುದು ಇವರ ವಾದ. ಯಾರೂ ಒಪ್ಪಲಿಲ್ಲ. ಇವರು ರಿಟೈರ್ ಆಗುವ ಹೊತ್ತಿಗೆ ಅಲ್ಲಿ ಈ ನೀರು ತೆಗೆಯುತ್ತಿದ್ದ ಬಾವಿಯೂ ಕುಸಿದು ಮುಚ್ಚಿಹೋಯಿತು. ಉಳಿದದ್ದು ಒಂದೇ ಸ್ಯಾಂಪಲ್, ಎರಡೂ ತುದಿ ಬಿಗಿದ ತಾಮ್ರದ ಕೊಳವೆಯಲ್ಲಿ. ಹೊರಗಿನ ಗಾಳಿ ಸೋಕಿದರೆ ಅದೂ ಕೆಲಸಕ್ಕೆ ಬಾರದು. ಕೊನೆಗೆ ಜರ್ಮನಿಯ ಒಂದು ಲ್ಯಾಬು ಅಳೆದುಕೊಡಲು ಒಪ್ಪಿತು. ಸೋಮವಾರ ಕೊರಿಯರ್‌ನವನು ಬರಬೇಕಿತ್ತು, ಅಲ್ಲಿಯವರೆಗೆ ಇರಲೆಂದು ಇವರು ಕೊಳವೆಯನ್ನು ಮನೆಗೆ ತಂದರು.

ಕಾಶಿಯಿಂದ ತರುವ ಗಂಗಾ ಗಿಂಡಿಯೂ ತಾಮ್ರದ್ದೇ, ಬಾಯಿ ಬೆಸೆದಿರುತ್ತದೆ. ನಮ್ಮತ್ತೆ ಜಾನಕಮ್ಮ ಮಲಗಿದ್ದಲ್ಲಿಂದಲೇ ಕೈ ಮುಗಿದರು. "ಗಂಗೆ ತಂದ್ಯೇನೋ?"

"ಅದಕ್ಕಿಂತ ಹಳೇದಮ್ಮ," ಎಂದರು ಇವರು ತಮಾಷೆಗೆ.

ಅತ್ತೆ ಹಠ ಹಿಡಿದು ಅದನ್ನು ದೇವರ ಮನೆಯಲ್ಲಿ ಇಡಿಸಿದರು. ಅಲ್ಲಾದರೆ ಯಾರೂ ಮುಟ್ಟುವುದಿಲ್ಲವೆಂದು ಇವರೂ ಒಪ್ಪಿದರು.

ಭಾನುವಾರ ಅತ್ತೆಗೆ ಮೇಲುಸಿರು ಬಂತು. ಇವರು ಡಾಕ್ಟರಿಗೆ ಹೇಳಿ ಓಡಿ ಬರುವಷ್ಟರಲ್ಲಿ, ಮಾವಳ್ಳಿಯಿಂದ ಬಂದಿದ್ದ ಅತ್ತೆಯ ತಮ್ಮ ಶೀನಣ್ಣ ಗಂಗೆಯೆಂದೇ ನಂಬಿ, ಕಟಿಂಗ್ ಪ್ಲೇಯರ್‌ನಿಂದ ಕೊಳವೆಯ ತುದಿ ಕತ್ತರಿಸಿ, ತುಳಸಿ ಹಾಕಿ, ಅಕ್ಕನ ಬಾಯಿಗೆ ನೀರು ಬಿಡುತ್ತಿದ್ದರು. ಅಯ್ಯೋ, ಕೆಟ್ಟೆವಲ್ಲ! ಅಡುಗೆಮನೆಯಿಂದ ಬಂದವಳು ಕಿರುಚಲು ಬಾಯಿ ತೆರೆದೆ. ಇವರು ನನ್ನ ಕೈ ಹಿಡಿದು ತಡೆದರು.

"ಬಾರೋ, ಇದು ಮಗನ ಕೈಯಿಂದಾನೇ ಆಗ್ಬೇಕು," ಎಂದರು ಶೀನಣ್ಣ. ಪಾಪ, ಅವರಿಗೇನು ಗೊತ್ತು.

ಇವರು ಪಕ್ಕದಲ್ಲಿ ಕೂತು ಉಳಿದದ್ದನ್ನೆಲ್ಲ ಉದ್ಧರಣೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿದರು. ಅತ್ತೆ ಕಣ್ಣು ಬಿಟ್ಟರು. "ಗಂಗೆ ಅಲ್ವೇನೋ?"

"ಹೂಂ ಅಮ್ಮ, ಗಂಗೇನೇ."

ಡಾಕ್ಟರು ಬರುವ ಮೊದಲೇ ಅತ್ತೆ ಹೋಗಿಬಿಟ್ಟರು.

ವೈಕುಂಠ ಸಮಾರಾಧನೆ ಮುಗಿದರೂ ಇವರ ಕಣ್ಣಲ್ಲಿ ಒಂದು ಹನಿಯಿಲ್ಲ. ನನಗೆ ಭಯವಾಗತೊಡಗಿತು. ಆಮೇಲೆ ಜರ್ಮನಿಯಿಂದ ಫೋನ್ ಬಂತು, ಸ್ಯಾಂಪಲ್ ಯಾಕೆ ತಲುಪಲಿಲ್ಲ ಎಂದು. ಇವರು "ಮೈ ಮದರ್..." ಎಂದರು. ಫೋನನ್ನು ನನ್ನ ಕೈಗಿತ್ತು, ಅರವತ್ತು ದಾಟಿದ ಮನುಷ್ಯ, ಗೋಡೆಗೆ ಹಣೆಯಿಟ್ಟು ಗೋಳೋ ಎಂದು ಅತ್ತರು. ಆ ಕಡೆಯ ಹೆಂಗಸು ಹಲೋ ಹಲೋ ಎನ್ನುತ್ತಲೇ ಇದ್ದಳು.

ನನಗೆ ಬಂದ ಇಂಗ್ಲಿಷಿನಲ್ಲಿ ನಾನೇ ಹೇಳಿದೆ, ಅದನ್ನು ಅವರಮ್ಮ ಕುಡಿದರು ಎಂದು.