ಅತ್ತೆಯ ದವಡೆ

ನಾನು ಸೊಸೆಯಾಗಿ ಆ ಮನೆಗೆ ಹೋದಾಗ ನಮ್ಮ ಅತ್ತೆಗೆ ಇನ್ನೂ ಐವತ್ತು ತುಂಬಿರಲಿಲ್ಲ. ಬಾಯಲ್ಲಿ ಮಾತ್ರ ಒಂದು ಹಲ್ಲೂ ಇರಲಿಲ್ಲ. ಮುಪ್ಪಿಗೆ ಉದುರಿದವಲ್ಲ ಅವು. ಕಿವಿಯ ಮುಂದೆ ಹುಟ್ಟಿ ತಲೆಗೂ ಕುತ್ತಿಗೆಗೂ ಹರಡುತ್ತಿದ್ದ ಒಂದು ನೋವಿಗಾಗಿ ಒಂದೊಂದಾಗಿ ಕೀಳಿಸಿಕೊಂಡಿದ್ದರು. ಕುಂದಗೋಳದ ಸಂತೆಗೆ ಹಲ್ಲು ಕೀಳುವವನೊಬ್ಬ ಬರುತ್ತಿದ್ದ. ಕಿತ್ತ ಹಲ್ಲುಗಳನ್ನು ಚಾದರದ ಮೇಲೆ ಗುಡ್ಡೆ ಹಾಕಿಕೊಂಡು ಕೂರುತ್ತಿದ್ದ. "ಎಲ್ಲಾ ತಗಿಸಿದ ಮ್ಯಾಲೆ ಅಗದಿ ಹಗರಾತು ನೋಡ್ರಿ" ಎಂದು ಅತ್ತೆ ಹೇಳುತ್ತಿದ್ದರು. ಆ ಮಾತು ನಂಬಿ ನಮ್ಮ ಓಣಿಯಲ್ಲಿ ಇನ್ನೂ ನಾಲ್ವರು ಹೆಂಗಸರು ಬೊಚ್ಚುಬಾಯಿಯಾಗಿದ್ದರು.

ಎಪ್ಪತ್ತರ ದಶಕದ ನಡುವೆ ಆ ನೋವು ನನಗೂ ಬಂತು. ಮಧ್ಯಾಹ್ನವೆಲ್ಲ ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದೆ. ಕತ್ತರಿ ಹುಡುಕುವ ತಾಳ್ಮೆ ನನಗೆಲ್ಲಿ, ದಾರವನ್ನು ಹಲ್ಲಿನಿಂದಲೇ ಕಡಿಯುತ್ತಿದ್ದೆ. ಒಂದು ದಿನ ರೊಟ್ಟಿ ಜಗಿಯುವಾಗ ಕಿವಿಯೊಳಗೆ 'ಕಟ್' ಎಂದಿತು. ಆಮೇಲೆ ದಿನವೂ ಹಾಗೆ ಎನ್ನತೊಡಗಿತು. ನಾನು ಕೆನ್ನೆ ಹಿಡಿದು ಕೂತದ್ದನ್ನು ಕಂಡ ಅತ್ತೆ, "ಬಂತು ಇಕೀಗೂ" ಎಂದಷ್ಟೇ ಹೇಳಿ ಒಳಗೆ ಹೋದರು. ಅವರ ಒಳಸೇರಿದ ತುಟಿಗಳನ್ನು ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಆಗ ನನಗೆ ಇಪ್ಪತ್ತಮೂರು.

ಎರಡು ಸಂತೆಗಳಲ್ಲಿ ಎರಡು ದವಡೆ ಹಲ್ಲು ಹೋದವು. ಎರಡನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಒಂದು ಕರಿ ಚುಕ್ಕೆಯೂ ಇರಲಿಲ್ಲ. "ಹುಳಾ ಬೇರಿನ್ಯಾಗ ಇರ್ತಾವ್ರಿ, ಕಣ್ಣಿಗೆ ಕಾಣೂದಿಲ್ಲ" ಎಂದ ಹಲ್ಲು ಕೀಳುವವನು. ಕಾಣದ ಹುಳಕ್ಕೆ ಕಾಣುವ ಹಲ್ಲು ಕೊಟ್ಟು ಮನೆಗೆ ಬಂದೆ. ನೋವು ಹಾಗೇ ಇತ್ತು.

ಮುಂದಿನ ವಾರ ಒಂದು ಬೆಳಿಗ್ಗೆ ಬಾಯಿಯೇ ತೆರೆಯಲಿಲ್ಲ. ಒಂದು ಬೆರಳು ಸಹ ಒಳಗೆ ಹೋಗದು. ಧನುರ್ವಾಯು ಎಂದು ಯಾರೋ ಅಂದರು. ಯಜಮಾನರು ಗಾಬರಿಯಾಗಿ ನನ್ನನ್ನು ರೈಲಿನಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿಯ ಹಲ್ಲಿನ ಡಾಕ್ಟರು ಇಕ್ಕಳ ಮುಟ್ಟಲಿಲ್ಲ. ನನ್ನ ಎರಡೂ ಕಿವಿಗಳ ಮುಂದೆ ಬೆರಳಿಟ್ಟು, ಆದಷ್ಟು ಬಾಯಿ ತೆರೆದು ಮುಚ್ಚಲು ಹೇಳಿದರು. ಕೆನ್ನೆಯ ಸ್ನಾಯುವನ್ನು ಒತ್ತಿದಾಗ ನಾನು ಕಿರುಚಿದೆ.

"ತಪ್ಪು ಹಲ್ಲಿಂದಲ್ಲರಿ. ದವಡಿ ಕೀಲಿಂದು. ಇನ್ನೊಂದು ಹಲ್ಲು ತಗಿಸಬ್ಯಾಡ್ರಿ" ಎಂದರು. ಮೆತ್ತಗಿನ ಊಟ, ಬಿಸಿನೀರಿನ ಕಾವು, ಒಂದಿಷ್ಟು ಗುಳಿಗೆ. ದಾರ ಕಡಿಯಬಾರದು, ಹಲ್ಲು ಕಚ್ಚಿಕೊಂಡು ಕೂರಬಾರದು, ತಿಂಗಳುಗಟ್ಟಲೆ ತಾಳ್ಮೆ ಬೇಕು.

ಮನೆಯಲ್ಲಿ ಇದು ನಗೆಪಾಟಲಾಯಿತು. "ಮೊಣಕಾಲಿಗೆ ಕೀಲಿರ್ತಾವು. ಬಾಯಾಗ ಎಲ್ಲೀ ಕೀಲು ಯವ್ವಾ?" ಎಂದರು ಅತ್ತೆ. ಹದಿನೈದು ದಿನಕ್ಕೆ ಬಾಯಿ ತೆರೆಯಿತು, ನೋವು ಮಾತ್ರ ಇಳಿಯಲಿಲ್ಲ. ಯಜಮಾನರೂ ಅವ್ವನ ಮಾತಿಗೆ ಮೆತ್ತಗಾದರು. "ಅವ್ವ ಅನುಭವಿಸಿದಾಕಿ. ಇನ್ನೊಂದ ತಗಿಸಿ ನೋಡೂಣು." ಆ ಇನ್ನೊಂದಕ್ಕೆ ಕೊನೆಯಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ತಲೆಯಾಡಿಸಿದೆ. ನೋವು ಮನುಷ್ಯರನ್ನು ಹೇಡಿ ಮಾಡುತ್ತದೆ.

ಸಂತೆಯ ದಿನ ಬೆಳಿಗ್ಗೆ ನೀರು ಸೇದಲು ಹಿತ್ತಲಿಗೆ ಹೋದೆ. ಬಚ್ಚಲೊಲೆಯ ಹಿಂದೆ ಅತ್ತೆ ಕೂತಿದ್ದರು. ಕಾಯಿಸಿದ ಉಪ್ಪಿನ ಗಂಟನ್ನು ಕಿವಿಯ ಮುಂದೆ ಒತ್ತಿಕೊಂಡು ಕಣ್ಣು ಮುಚ್ಚಿದ್ದರು. ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಕೊಡ ಕೆಳಗಿಟ್ಟು ಹತ್ತಿರ ಹೋದೆ.

"ಅತ್ತೀ, ನಿಮ್ಮ ನೋವು ಹೋಗಿಲ್ಲೇನ್ರಿ?"

"ಎಲ್ಲಿ ಹೋಗತೈತಿ."

ನನಗೆ ಮೈಯೆಲ್ಲ ಉರಿಯಿತು. "ನನ್ನ ಎರಡ ಹಲ್ಲು ಹೋಗೂಮುಂದರ ಒಂದ ಮಾತು ಹೇಳಬಾರದಾಗಿತ್ತೇನ್ರಿ?"

ಅವರು ಗಂಟನ್ನು ಮಡಿಲಿಗೆ ಇಳಿಸಿದರು. "ಹೇಳಿದ್ರ ನನ್ನ ಇಷ್ಟೂ ಹಲ್ಲು ಸುಮ್ಮಸುಮ್ಮನ ಹೋದಂಗ ಆಗ್ತಿತ್ತಲ್ಲ ಯವ್ವಾ. ಅದನ್ನ ಹೆಂಗ ತಾಳ್ಕೊಳ್ಳಲಿ?"

ಅಂದು ಅವರೇ ಮಗನಿಗೆ ಹೇಳಿದರು: "ಇಕೀ ಹಲ್ಲು ಬ್ಯಾಡ. ಡಾಕ್ಟರ ಹೇಳಿದಂಗ ನಡೀಲಿ." ಕಾರಣ ಹೇಳಲಿಲ್ಲ, ಮಗ ಕೇಳಲೂ ಇಲ್ಲ. ಬಿಸಿನೀರಿನ ಕಾವಿನಲ್ಲೂ ಹಾಲಲ್ಲಿ ನೆನೆಸಿದ ರೊಟ್ಟಿಯಲ್ಲೂ ನನ್ನ ದವಡೆ ನಿಧಾನಕ್ಕೆ ಹದಕ್ಕೆ ಬಂತು. ಅತ್ತೆಗೂ ಕಾವು ಕೊಡಲು ಹೋದರೆ ಕೈ ತಳ್ಳುತ್ತಿದ್ದರು.

ಕೆಲವು ವಾರಗಳಾದ ಮೇಲೆ ಎದುರು ಮನೆಯ ಹೊಸ ಸೊಸೆ ಕೆನ್ನೆ ಹಿಡಿದು ನಮ್ಮ ಕಟ್ಟೆಗೆ ಬಂದಳು. ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಕಿವಿಯ ಮುಂದೆ ಬೆರಳಿಟ್ಟು ತೋರಿಸಿ, ಏನು ಮಾಡಲಿ ಎಂದು ಅತ್ತೆಯನ್ನು ಕೇಳಿದಳು.

"ತಗಿಸಿಬಿಡ ತಂಗಿ" ಎಂದರು ಅತ್ತೆ. "ನನ್ನ ನೋಡು, ಆರಾಮ ಅದೀನಿ."

ನಾನು ಬಾಗಿಲಲ್ಲೇ ನಿಂತಿದ್ದೆ. ನಿಜ ಹೇಳಿಬಿಡಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ. ಅತ್ತೆ ನನ್ನತ್ತ ಒಮ್ಮೆ ನೋಡಿದರು. ಅಂಥ ದೀನ ನೋಟವನ್ನು ನಾನು ಅವರ ಮುಖದಲ್ಲಿ ಎಂದೂ ಕಂಡಿರಲಿಲ್ಲ. ನನ್ನ ಹಲ್ಲು ಉಳಿಸಿದವರು ಅವರು, ಅವರ ಮಾನ ನಾನು ಉಳಿಸಬೇಡವೇ ಎಂದುಕೊಂಡೆ. ಆ ಹುಡುಗಿ ತಲೆ ಮೇಲೆ ಸೆರಗು ಎಳೆದುಕೊಂಡು ಸಂತೆಯ ಬಸ್ಸಿಗೆ ಹೊರಟಳು. ನಾನು ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದಲು ಕೂತೆ.