ಮೇಘಶ್ರೀ ಕೈಗೆ ಬೋರಪ್ಪನ ಹಿಡಿ

ಜೋಗಿಮಟ್ಟಿ ಕಡೆಯಿಂದ ಬೀಸುವ ಗಾಳಿಗೆ ಬೆಳಗಾಗುವುದರೊಳಗೇ ಎಚ್ಚರ. ಚಿತ್ರದುರ್ಗದ ಹೊರವಲಯದಲ್ಲಿ, ಗುಡ್ಡದ ಬುಡಕ್ಕಿರುವ ಪಿಸ್ತೂಲ್ ಕ್ಲಬ್ಬಿನ ತಗಡಿನ ಮಾಡು ಅದರ ಹೊಡೆತಕ್ಕೆ ದಡದಡ ಎನ್ನುತ್ತಿದೆ. ಒಳಗಿರುವ ಬೋರಪ್ಪನವರಿಗೂ ಒಂದು ಕಡೆ ಕೂರಲು ಆಗುತ್ತಿಲ್ಲ. ಮೇಜಿನ ಮೇಲಿನ ಟೀ ಆರಿ ತಣ್ಣಗಾಗಿದೆ. ಖಾಲಿ ಪಿಸ್ತೂಲನ್ನು ಮೂತಿ ಮೇಲಾಗಿ ಹಿಡಿದು, ಟ್ರಿಗರಿಗೆ ಒಂದು ಕೆ.ಜಿ.ಯ ಬಟ್ಟು ತೂಗುಹಾಕಿ, ಉಸಿರು ಬಿಗಿಹಿಡಿದು ಮೆಲ್ಲಗೆ ಮೇಲೆತ್ತುತ್ತಾರೆ. ಟ್ರಿಗರ್ ಜಗ್ಗುವುದಿಲ್ಲ. ಸ್ಪರ್ಧೆಯ ನಿಯಮ ಕೇಳುವುದೂ ಅಷ್ಟನ್ನೇ. ಬಟ್ಟು ಇಳಿಸುತ್ತಾರೆ, ಒಂದು ಸುತ್ತು ಅಡ್ಡಾಡುತ್ತಾರೆ, ಬಂದು ಮತ್ತೆ ತೂಗುಹಾಕುತ್ತಾರೆ.

“ತೂಕ ಸರಿ ಐತೆ. ಸ್ಪ್ರಿಂಗ್ ಸರಿ ಐತೆ. ನಳಿಗೆ ಒಳಗೆ ನೋಡಿದ್ರೆ ಮುಖ ಕಾಣಂಗೈತೆ. ಎಲ್ಲಾ ಸರಿ ಐತೆ ಅಂದ್ಮೇಲೆ ಗುಂಡು ಯಾಕ್ ಹಿಂಗೆ ಚೆಲ್ಲಾಪಿಲ್ಲಿ ಆಗ್ತಾವೆ, ಹೇಳ್ರಿ?” ಎಂದು ಕೇಳುತ್ತಾರೆ. ಕೇಳಿದ್ದು ನಮ್ಮನ್ನೋ, ಪಿಸ್ತೂಲನ್ನೋ ಗೊತ್ತಾಗುವುದಿಲ್ಲ.

ಪಿಸ್ತೂಲು ಜರ್ಮನಿಯದು. ಒಂದು ಗುಂಡು ಹಾರಿದ ಕೂಡಲೇ ಮುಂದಿನದನ್ನು ತಾನೇ ಎಳೆದುಕೊಳ್ಳುವ, ಗುರಿ ಸ್ಪರ್ಧೆಗೆಂದೇ ಮಾಡಿದ ದುಬಾರಿ ಮಾಲು. ಬೆಂಗಳೂರಿನ ಅಂಗಡಿಯೊಂದು ಇದನ್ನು ಎರಡು ವಾರದ ಪರೀಕ್ಷೆಗೆ ಕ್ಲಬ್ಬಿಗೆ ಕೊಟ್ಟಿದೆ. ಆ ಗಡುವು ಇವತ್ತಿಗೆ ಮುಗಿಯುತ್ತದೆ. ಸಂಜೆ ಅಂಗಡಿಯವರು ಬರುತ್ತಾರೆ. ಇಟ್ಟುಕೊಳ್ಳುತ್ತೀವಿ ಅನ್ನಬೇಕು, ಇಲ್ಲವೇ ಪೆಟ್ಟಿಗೆಗೆ ಹಾಕಿ ಕೊಡಬೇಕು. ಕೊಟ್ಟರೆ ಮತ್ತೆ ಲೈಸೆನ್ಸು, ಮಂಜೂರಾತಿ ಅಂತ ಈ ವರ್ಷವೇ ಕಳೆದುಹೋಗುತ್ತದೆ. ಕ್ಲಬ್ಬಿನಲ್ಲಿ ಕಲಿಯುವ ಹರಿಯಬ್ಬೆಯ ಹುಡುಗಿ ಮೇಘಶ್ರೀಗೆ ಜೂನಿಯರ್ ವಿಭಾಗದಲ್ಲಿ ಇದೇ ಕೊನೆಯ ವರ್ಷ. ರಾಜ್ಯ ತಂಡದ ಆಯ್ಕೆ ಮುಂದಿನ ತಿಂಗಳಿದೆ. ಕ್ಲಬ್ಬಿನ ಹಳೆಯ ಪಿಸ್ತೂಲು ಸವೆದು ಸಾಕಾಗಿದೆ. ಅದನ್ನು ಹಿಡಿದು ಹೋದರೆ ಬರಿಗೈಲಿ ಬರುವುದು ಖಾತ್ರಿ ಎಂಬುದು ಎಲ್ಲರಿಗೂ ಗೊತ್ತು.

ಹೊಸ ಪಿಸ್ತೂಲು ಬಂದಾಗ ಅದನ್ನು ಒರೆಗೆ ಹಚ್ಚುವುದು ಬೋರಪ್ಪನವರ ಕೆಲಸ. ಬಿಚ್ಚುತ್ತಾರೆ, ಜೋಡಿಸುತ್ತಾರೆ, ಅಲುಗಾಡದಂತೆ ಕಬ್ಬಿಣದ ಇಕ್ಕಳದಂಥ ವೈಸಿಗೆ ಕಚ್ಚಿಸಿ ಹಾರಿಸಿ ನೋಡುತ್ತಾರೆ. ಆಮೇಲೆ ಹೊಡೆಯುವವರ ಅಂಗೈ ನೋಡಿ ಅದಕ್ಕೆ ತಕ್ಕ ಮರದ ಹಿಡಿ ಕೆತ್ತುತ್ತಾರೆ. ಕಂಪನಿಯ ಹಿಡಿ ಅಗಲ ಕೈಯವರಿಗೆ ಮಾಡಿದ್ದು. ಮೇಘಶ್ರೀ ಅದನ್ನು ಹಿಡಿದರೆ ಬೆರಳು ಟ್ರಿಗರಿಗೆ ಎಟುಕುವುದಿಲ್ಲ. ಹೀಗಾಗಿ ಈ ಕ್ಲಬ್ಬಿನಲ್ಲಿ ಗೆದ್ದವರೆಲ್ಲ ಬೋರಪ್ಪನವರ ಹಿಡಿ ಹಿಡಿದೇ ಗೆದ್ದವರು. ಪತ್ರಿಕೆಯ ಫೋಟೊದಲ್ಲಿ ಹಾರ ಹಾಕಿಕೊಂಡ ಹುಡುಗರಿರುತ್ತಾರೆ, ಪಕ್ಕದಲ್ಲಿ ಪದಾಧಿಕಾರಿಗಳಿರುತ್ತಾರೆ. ಹಿಡಿ ಮಾತ್ರ ಮುಷ್ಟಿಯೊಳಗೆ ಮುಚ್ಚಿಹೋಗಿರುತ್ತದೆ.

ಬೋರಪ್ಪನವರು ಹೊಸದುರ್ಗ ತಾಲ್ಲೂಕಿನ ಮತ್ತೋಡಿನವರು. ಶಾಲೆಗೆ ಚಕ್ಕರ್ ಹಾಕಿ ಬಡಗಿಯ ಸಾಲೆಯಲ್ಲಿ ಕೂರುತ್ತಿದ್ದ ಹುಡುಗ. ನೇಗಿಲಿನ ಮೇಣಿ, ಕುಡುಗೋಲಿನ ಹಿಡಿ ಉಜ್ಜುವುದನ್ನು ಅಲ್ಲಿಯೇ ಕಲಿತರು. ಪೊಲೀಸ್ ಇಲಾಖೆಯಲ್ಲಿ ಕೆಳಹಂತದ ನೌಕರಿ ಸಿಕ್ಕಿದಾಗ ಆಯುಧಾಗಾರದ ಕಸ ಗುಡಿಸುವ ಕೆಲಸ. ಒಂದು ದಿನ ಸೀಳಿಹೋಗಿದ್ದ ರೈಫಲಿನ ಮರದ ಹಿಂಬದಿಯನ್ನು ಯಾರೂ ಕೇಳದೆಯೇ ಬೆಸೆದಿಟ್ಟರು. ಬೈಗುಳ ಬರುತ್ತದೆಂದು ಕಾದರೆ ರಿಪೇರಿ ಕೆಲಸವೇ ಬಂತು. ಕೊನೆಕೊನೆಗೆ ಬಂದೂಕಿಗೆಲ್ಲ ಪ್ಲಾಸ್ಟಿಕ್ ಬಂದು, ಮರ ಬಲ್ಲವರನ್ನು ಮಾತಾಡಿಸುವವರೇ ಇಲ್ಲವಾದರು. ನಿವೃತ್ತಿಯಾದ ಮೇಲೆ ಕ್ಲಬ್ಬಿನ ಕಾರ್ಯದರ್ಶಿ ಕಿರಣ್‌ಕುಮಾರ್ ಇವರ ಮನೆಗೇ ಹೋಗಿ ಕರೆತಂದರು.

ವರ್ಷಗಟ್ಟಲೆ ಗುಂಡಿನ ಸದ್ದು ಕೇಳಿ ಬಲಗಿವಿ ಮಂದವಾಗಿದೆ. “ನಾನ್ ಊಟಕ್ ಕರೆದ್ರೆ ಕೇಳಲ್ಲ. ಅಲ್ಲೆಲ್ಲೋ ಸ್ಕ್ರೂ ಸಡ್ಲ ಆದ್ರೆ ಕೇಳ್ತೈತೆ,” ಎಂದು ಹೆಂಡತಿ ಯಶೋಧಾ ಛೇಡಿಸುತ್ತಾರೆ. ಮಗಳನ್ನು ನೋಡಲು ಹೊಳಲ್ಕೆರೆಯಿಂದ ಬಂದಿದ್ದ ಗಂಡಿನ ಕಡೆಯವರು, ಹುಡುಗಿಯ ಅಪ್ಪ ಪಿಸ್ತೂಲಿನ ಕೆಲಸ ಮಾಡುತ್ತಾರೆ ಎಂದು ಕೇಳಿದ್ದೇ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದ ಕಥೆಯನ್ನೂ ಯಶೋಧಾ ಅವರೇ ಹೇಳುತ್ತಾರೆ. ಮಗಳಿಗೆ ಆಮೇಲೆ ಒಳ್ಳೆಯ ಕಡೆಯೇ ಆಯಿತು. ಬೋರಪ್ಪನವರಿಗೆ ಮಾತ್ರ ಆ ಉಪ್ಪಿಟ್ಟಿನ ಸಿಟ್ಟು ಇನ್ನೂ ಇಳಿದಿಲ್ಲ.

ಹಿರಿಯೂರಿನ ಮೊದಲ ಬಸ್ಸು ಹಿಡಿದು ಮೇಘಶ್ರೀ ಬಂದಿಳಿಯುತ್ತಾಳೆ. ಬಲಗೈ ಬೆರಳಲ್ಲಿದ್ದ ಅಜ್ಜಿಯ ಉಂಗುರ ತೆಗೆದು ಕಿಟಕಿಯ ಮೇಲಿಟ್ಟು, ಕಿವಿಗೆ ರಕ್ಷೆ ಹಾಕಿ ನಿಲ್ಲುತ್ತಾಳೆ. ಬೋರಪ್ಪನವರು ಗುರಿಹಲಗೆಗೆ ಬೆನ್ನು ಮಾಡಿ, ಮೇಜಿನ ಮೇಲೆ ಅಂಗೈ ಊರಿ ನಿಲ್ಲುತ್ತಾರೆ. ಅವಳು ಹೊಡೆಯುವಾಗ ನೋಡುವ ಧೈರ್ಯ ಅವರಿಗಿಲ್ಲ. ಐದು ಗುಂಡು. ಹಲಗೆಯ ಮೇಲೆ ಒಂದು ಕರೀ ಬೊಟ್ಟಿನ ಅಂಚಿಗೆ, ಒಂದು ಎಡಕ್ಕೆ, ಒಂದು ಕೆಳಕ್ಕೆ. ಉಳಿದೆರಡನ್ನು ಹುಡುಕಬೇಕು.

ಬೋರಪ್ಪನವರು ಹೊಸ ಹಿಡಿ ಕೆತ್ತಿ ಕೂರಿಸಿದ ಮೊದಲ ದಿನ ಇದೇ ಪಿಸ್ತೂಲು, ಇದೇ ಹುಡುಗಿ ಎಲ್ಲರ ಬಾಯಿ ಮುಚ್ಚಿಸಿದ್ದರು. ಐದೂ ಗುಂಡು ಒಂದು ಬೆಂಕಿಪೊಟ್ಟಣದಡಿ ಅಡಗುವಷ್ಟು ಹತ್ತಿರ ಬಿದ್ದಿದ್ದವು. ಎರಡನೇ ದಿನವೂ ಪರವಾಗಿಲ್ಲ. ಅಲ್ಲಿಂದಾಚೆಗೆ ದಿನದಿನಕ್ಕೆ ಹದಗೆಡುತ್ತ ಬಂತು. ವೈಸಿಗೆ ಕಚ್ಚಿಸಿ ಹಾರಿಸಿದರೆ ಮಾತ್ರ ಒಂದೇ ತೂತು. ಹಾಗಾದರೆ ತಪ್ಪು ಯಾರದು? ಹಿಡಿಯ ಮೇಲೆ ಯಾರೂ ಅನುಮಾನಪಡಲಿಲ್ಲ. ಬೋರಣ್ಣನ ಹಿಡಿ ತಪ್ಪುವುದುಂಟೇ? ಬೋರಪ್ಪನವರೂ ಹಾಗೆಂದೇ ನಂಬಿದ್ದರು.

ಕಿರಣ್‌ಕುಮಾರ್ ಗುರಿಕಾಗದ ನೋಡಿ ನಿಟ್ಟುಸಿರಿಡುತ್ತಾರೆ. ಮೆಡಿಕಲ್ ಸ್ಟೋರು ನಡೆಸುವ, ಕ್ಲಬ್ಬಿಗಾಗಿ ಕಚೇರಿಗಳನ್ನು ಅಲೆದು ಸುಸ್ತಾದ ಮನುಷ್ಯ. “ಬೋರಣ್ಣ, ಇನ್ನೂ ಎಷ್ಟು ಸಲ ಬಿಚ್ಚಿ ನೋಡ್ತೀಯ? ಪ್ಯಾಕ್ ಮಾಡಾಣ. ಕೆಲವ್ರಿಗೆ ಕೆಲವು ಪಿಸ್ತೂಲು ಆಗಿಬರಲ್ಲ,” ಎನ್ನುತ್ತಾರೆ.

ಮೇಘಶ್ರೀಯ ಕಣ್ಣು ತುಂಬಿ ಬಂದಿದೆ. ಕಿಟಕಿಯ ಮೇಲಿದ್ದ ಉಂಗುರವನ್ನು ಬೆರಳಿಗೆ ಸಿಕ್ಕಿಸಿಕೊಳ್ಳುತ್ತಾಳೆ. “ಹೌದು ತಾತ, ಬಿಡು. ನಂಗಿದು ಆಗಿಬರಲ್ಲ!” ಎಂದು ಕೈ ಝಾಡಿಸುತ್ತಾಳೆ. ಉಂಗುರ ಬೆರಳಿನಿಂದ ಹಾರಿ, ಟಣ್ ಎಂದು ಸಿಮೆಂಟಿನ ಮೇಲೆ ಬಿದ್ದು, ಉರುಳುತ್ತ ಬೋರಪ್ಪನವರ ಚಪ್ಪಲಿಗೆ ತಾಗಿ ನಿಲ್ಲುತ್ತದೆ.

ಅವರು ಬಗ್ಗಿ ಎತ್ತಿಕೊಳ್ಳುತ್ತಾರೆ. ಎತ್ತಿಕೊಂಡವರು ಉಂಗುರವನ್ನೊಮ್ಮೆ, ಅವಳ ಬೆರಳನ್ನೊಮ್ಮೆ ನೋಡುತ್ತಾರೆ.

“ಏ ತಾಯಿ, ಹಿಡಿ ಮಾಡಾಕೆ ಅಳತೆ ತಗಂಡ ದಿನ ಈ ಉಂಗ್ರ ಬರ್ಲಿಲ್ಲ ಅಲ್ವಾ? ಎಣ್ಣೆ ಹಚ್ಚಿ ಎಳೆದಿದ್ದೆ ನಾನು.”

“ಹೂಂ ತಾತ.”

“ಕೈ ಕೊಡಿಲ್ಲಿ.” ಅಂಗೈ ಬಿಡಿಸಿ ಬೆಳಕಿಗೆ ಹಿಡಿಯುತ್ತಾರೆ. ಬೆರಳ ಬುಡದಲ್ಲಿ ಬೊಬ್ಬೆ ಒಣಗಿ ಸುಲಿದ ಕಲೆಗಳಿವೆ. “ಅವತ್ತು ಏನ್ ಕೆಲ್ಸ ಮಾಡಿ ಬಂದಿದ್ದೆ?”

ಮೇಘಶ್ರೀ ತಲೆ ತಗ್ಗಿಸುತ್ತಾಳೆ. “ಶೇಂಗಾ ಕಿತ್ತು ಬಂದಿದ್ದೆ. ಮುಯ್ಯಾಳು ತಾತ. ಅವ್ರು ನಮ್ ಹೊಲಕ್ ಬಂದಿದ್ರು, ನಾವು ಅವ್ರ ಹೊಲಕ್ ಹೋಗ್ಲೇಬೇಕಲ್ಲ. ಅವ್ವಂಗೆ ಸೊಂಟ ನೋವು, ಅವಳ ಬದ್ಲಿ ನಾನ್ ಹೋಗಿದ್ದೆ. ಕೈ ಬಾತ್ಕಂಡಿತ್ತು. ಹೇಳಿದ್ರೆ ಬೈತೀಯ ಅಂತ ಸುಮ್ನಾದೆ. ಕೀಳೋದು ಮುಗಿದ್ಮೇಲೆ ದಿನಾ ಇಲ್ಲಿಗೇ ಬಂದೆ.”

ಬೋರಪ್ಪನವರು ಬೈಯುವುದಿಲ್ಲ. ಉಂಗುರವನ್ನು ಅವಳ ಕೈಗಿಟ್ಟು, ಕುರ್ಚಿ ಎಳೆದು ಈ ಬೆಳಿಗ್ಗೆ ಮೊದಲ ಸಲ ಕೂರುತ್ತಾರೆ. ಬಾತ ಕೈಗೆ ಹಿಡಿ ಕೆತ್ತಿದ್ದಾರೆ. ಬಾವು ಇಳಿದಂತೆ ಹಿಡಿ ಸಡಿಲವಾಗಿದೆ, ಸಡಿಲವಾದ ಹಿಡಿಯೊಳಗೆ ಕೈ ಒಂದೊಂದು ಗುಂಡಿಗೂ ಒಂದೊಂದು ಕಡೆ ಜಾರಿದೆ. ಪಿಸ್ತೂಲೂ ಸರಿ, ಹುಡುಗಿಯೂ ಸರಿ.

“ತಪ್ಪು ನಂದು ಸಾರ್,” ಎಂದು ಕಿರಣ್‌ಕುಮಾರ್ ಕಡೆ ತಿರುಗುತ್ತಾರೆ. “ಬೊಬ್ಬೆ ನೋಡಿದ್ದೆ. ದಪ್ಪ ಆಗಿದ್ದೂ ನೋಡಿದ್ದೆ. ನಮ್ಮಪ್ಪನ ಕೈ, ನಮ್ಮವ್ವನ ಕೈ ಸಾಯೋವರ್ಗೂ ಹಂಗೇ ಇದ್ವು. ದುಡಿಯೋರ ಕೈ ಅಂದ್ರೆ ಹಂಗೇ ಇರ್ತೈತೆ ಅಂದ್ಕಂಡೆ. ಬ್ಯಾರೆ ಯಾರಾದ್ರೂ ಆಗಿದ್ರೆ ಕೇಳ್ತಿದ್ರು, ಏನಮ್ಮ ಕೈ ಬಾತೈತಲ್ಲ ಅಂತ.”

ಕಿರಣ್‌ಕುಮಾರ್‌ಗೆ ಸಿಟ್ಟು ಬಂದಿದೆ. ಬಂದದ್ದೂ ಸಹಜ. ಎರಡು ವಾರದ ಗುಂಡು, ಎರಡು ವಾರದ ಕಳವಳ. “ನೋಡಮ್ಮ, ಒಂದ್ ಮಾತು. ಶೇಂಗಾ ಕೀಳ್ತೀಯೋ ಪಿಸ್ತೂಲು ಹಿಡಿತೀಯೋ ತೀರ್ಮಾನ ಮಾಡ್ಕ. ಎರಡೂ ಆಗಲ್ಲ,” ಎನ್ನುತ್ತಾರೆ. ಮೇಘಶ್ರೀ ಅಂಗೈಯ ಕಲೆಗಳನ್ನು ಹೆಬ್ಬೆರಳಿನಿಂದ ಉಜ್ಜುತ್ತಾಳೆ. ಮುಯ್ಯಾಳಿಗೆ ಹೋಗದಿದ್ದರೆ ಮುಂದಿನ ಸಲ ಅವ್ವನ ಹೊಲಕ್ಕೆ ಯಾರೂ ಕಾಲಿಡುವುದಿಲ್ಲ ಎಂಬುದನ್ನು ಪೇಟೆಯಲ್ಲಿರುವ ಕಿರಣ್‌ಕುಮಾರ್‌ಗೆ ಹೇಗೆ ಹೇಳುವುದು?

ಬೋರಪ್ಪನವರು ಅಷ್ಟರಲ್ಲೇ ಎದ್ದಿದ್ದಾರೆ. ಮರದ ಹೊಟ್ಟಿಗೆ ಅಂಟು ಹಾಕಿ ಲಪ್ಪ ಕಲಸುತ್ತಾರೆ. ಸಡಿಲವಾದ ಜಾಗಕ್ಕೆಲ್ಲ ಮೆತ್ತಿ, ಮೇಘಶ್ರೀಗೆ ಹಿಡಿಯಲು ಹೇಳಿ, ಬೆರಳುಗಳ ಅಚ್ಚು ಮೂಡಿದ ಮೇಲೆ ಬಿಸಿಲಿಗಿಡುತ್ತಾರೆ. ದುರ್ಗದ ಬಿಸಿಲು ಇಂಥದ್ದಕ್ಕಾದರೂ ಉಪಯೋಗಕ್ಕೆ ಬರಬೇಕಲ್ಲ. ಆದರೂ ಅವರಿಗೆ ತಡೆಯುವುದಿಲ್ಲ. ಹೋಗಿ ಮುಟ್ಟುತ್ತಾರೆ, ಬರುತ್ತಾರೆ, ಗೇಟಿನ ಕಡೆ ನೋಡುತ್ತಾರೆ, ಮತ್ತೆ ಹೋಗಿ ಮುಟ್ಟುತ್ತಾರೆ. ಯಶೋಧಾ ಕಳಿಸಿದ ರೊಟ್ಟಿಯ ಬುತ್ತಿ ಬಿಚ್ಚುವುದೇ ಇಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಲಪ್ಪ ಕಲ್ಲಾಗಿದೆ. ಉಜ್ಜುಕಾಗದದಿಂದ ತಿಕ್ಕಿ, ಬಾಯಿಂದ ಊದಿ, ಸ್ಕ್ರೂ ಬಿಗಿದು ಅವಳ ಕೈಗೆ ಕೊಡುತ್ತಾರೆ.

ಮೇಘಶ್ರೀ ಉಂಗುರ ತೆಗೆದಿಟ್ಟು ನಿಲ್ಲುತ್ತಾಳೆ. ಬೋರಪ್ಪನವರು ಬೆನ್ನು ತಿರುಗಿಸಿ, ಮೇಜಿಗೆ ಅಂಗೈ ಊರಿ, ಕಣ್ಣು ಮುಚ್ಚುತ್ತಾರೆ. ಐದು ಗುಂಡು ಹಾರುತ್ತವೆ. ಆಮೇಲೆ ತಗಡಿನ ಮೇಲೆ ಗಾಳಿಯ ಸದ್ದಷ್ಟೇ.

“ಬೋರಣ್ಣ, ತಿರುಗಿ ನೋಡಪ್ಪ,” ಎನ್ನುತ್ತಾರೆ ಕಿರಣ್‌ಕುಮಾರ್. ದನಿಯಲ್ಲಿ ಸಿಟ್ಟಿಲ್ಲ.

ಕರೀ ಬೊಟ್ಟಿನ ನಡುವೆ ಐದು ತೂತುಗಳು ಒಂದಕ್ಕೊಂದು ಅಂಟಿಕೊಂಡು ಕೂತಿವೆ. ಮೇಘಶ್ರೀ ನಗುತ್ತಲೂ ಅಳುತ್ತಲೂ ಇದ್ದಾಳೆ. ಬೋರಪ್ಪನವರು ಗುರಿಕಾಗದವನ್ನು ಕಣ್ಣಿನ ಹತ್ತಿರಕ್ಕೆ ತಂದು, ದೂರಕ್ಕೆ ಹಿಡಿದು, ಮತ್ತೆ ಹತ್ತಿರಕ್ಕೆ ತಂದು ನೋಡುತ್ತಾರೆ. “ಪಿಸ್ತೂಲು ಪಾಸು. ಇಟ್ಕಳ್ರಿ ಸಾರ್,” ಎಂದಷ್ಟೇ ಹೇಳಿ ಬುತ್ತಿಯ ಕಡೆ ನಡೆಯುತ್ತಾರೆ.

ಸಂಜೆ ಅಂಗಡಿಯವರು ಬರುತ್ತಾರೆ, ರುಜು ಆಗುತ್ತದೆ, ಫೋಟೊವೂ ಆಗುತ್ತದೆ. ಫೋಟೊಗೆ ನಿಲ್ಲಲು ಬೋರಪ್ಪನವರು ಸಿಗುವುದಿಲ್ಲ. ಹಿಂದಿನ ಕೋಣೆಯಲ್ಲಿ ಹೊನ್ನೆ ಮರದ ತುಂಡೊಂದರ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತ ಕೂತಿದ್ದಾರೆ. ಪಿಸ್ತೂಲಿಗೆ ಹಿಡಿ ಇದೆ, ಇನ್ನೊಂದು ಯಾಕೆ ಎಂದರೆ ತಲೆ ಎತ್ತದೆ ನಗುತ್ತಾರೆ.

“ಹೊಲ ಬಿಡು ಅನ್ನಾಕೆ ನಾವ್ಯಾರು? ಅವರವ್ವಂಗೆ ಬ್ಯಾರೆ ಯಾರವ್ರೆ?” ಎನ್ನುತ್ತ, ಬಾಗಿಲಲ್ಲಿ ನಿಂತ ಮೇಘಶ್ರೀಯನ್ನು ಕರೆಯುತ್ತಾರೆ. “ಈರುಳ್ಳಿ ಕೀಳಾಕೆ ಯಾವಾಗ ಹೋಗ್ತೀಯ ತಾಯಿ?”

“ಬರೋ ವಾರ ತಾತ,” ಎನ್ನುತ್ತಾಳೆ ಅವಳು, ಅಂಜಿಕೊಂಡೇ.

“ಕಿತ್ತು ಮುಗ್ಸಿ, ಕೈ ತೊಳ್ಕಂಡು, ಸೀದಾ ನನ್ನತ್ರ ಬಾ. ಅಳತೆ ತಗಂತೀನಿ. ಬಾತ ದಿನಕ್ಕೊಂದು, ಇಳಿದ ದಿನಕ್ಕೊಂದು ಇರ್ಲಿ. ಕೈ ಹೆಂಗಾದ್ರೂ ಬರ್ಲಿ, ಅದಕ್ ತಕ್ಕ ಹಿಡಿ ನಾನ್ ಕೊಡ್ತೀನಿ.”