ಕಡ್ಡಿಯಂಥ ಮಾವನ ಕೊಬ್ಬು

ಫ್ರಿಜ್ಜು, ವಾಷಿಂಗ್ ಮಷೀನು ಮಾರುವ ಶೋರೂಮಿನಲ್ಲಿ ನಾನು ಸೇಲ್ಸ್‌ಮನ್. ಬೇಡ ಎನ್ನುತ್ತ ಬಂದವರಿಗೆ ಬೇಕು ಎನ್ನಿಸಿ ಕಳಿಸುವುದು ನನ್ನ ಕೆಲಸ. ಬೇಕು ಎಂದು ಬಂದವರೂ ನನ್ನ ಮಾತು ಕೇಳಿದ ಮೇಲೆ ಬೇಡ ಎಂದು ಹೋಗುತ್ತಾರೆಂಬುದು ನಮ್ಮ ಮ್ಯಾನೇಜರರ ದೂರು. ಇಂಥ ನನ್ನನ್ನು ನಂಬಿ ಅತ್ತೆ ಒಂದು ಜವಾಬ್ದಾರಿ ಒಪ್ಪಿಸಿದರೆಂದರೆ ಅವರಿಗೆ ಬೇರೆ ಗತಿ ಇರಲಿಲ್ಲ ಎಂದೇ ಅರ್ಥ. ಡಾಕ್ಟರ ಮೇಲೆ ಮುನಿಸಿಕೊಂಡಿದ್ದ ಮಾವನನ್ನು ಮತ್ತೆ ಅದೇ ಡಾಕ್ಟರ ಬಳಿ ನಾನು ಕರೆದೊಯ್ಯಬೇಕಿತ್ತು.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಕೆಳಗೆ ಅವರ ಬೇಕರಿ, ಮೇಲೆ ಎರಡು ಕೋಣೆಯ ಮನೆ. ಕೆಲಸ ಸಿಕ್ಕಿದಾಗ, ಬಾಡಿಗೆಗೊಂದು ಕೋಣೆ ಸಿಗುವವರೆಗೆ ಇರುತ್ತೇನೆಂದು ಬಂದ ನಾನು ಇನ್ನೂ ಕೋಣೆ ಹುಡುಕುತ್ತಲೇ ಇದ್ದೇನೆ. ಬೆಳಗಾದರೆ ಒಲೆಯ ಪರಿಮಳ ಮೆಟ್ಟಿಲು ಹತ್ತಿ ಹಾಸಿಗೆಗೇ ಬಂದುಬಿಡುತ್ತದೆ. ಯಾರಿಗೆ ಮನಸ್ಸು ಬರುತ್ತದೆ ಬಿಟ್ಟು ಹೋಗಲು? ನನ್ನ ಹೊಟ್ಟೆಯಂತೂ ಮಾವನ ಕೈಗುಣದ ಜಾಹೀರಾತು ಫಲಕದ ಹಾಗೆ ನನಗಿಂತ ಮುಂಚೆಯೇ ಎಲ್ಲ ಕಡೆ ತಲುಪುತ್ತದೆ.

ಮಾವ ಮಾತ್ರ ಕಡ್ಡಿ. ಅಂಗಿ ಹ್ಯಾಂಗರಿಗೆ ನೇತುಹಾಕಿದಂತೆ ಮೈಮೇಲೆ ನಿಂತಿರುತ್ತದೆ. ಹುಡುಗನಾಗಿದ್ದಾಗ ಈ ಬೇಕರಿಗೆ ತಟ್ಟೆ ಉಜ್ಜಲು ಬಂದವರು, ಮುದಿ ಮೇಸ್ತ್ರಿಯ ಕೈ ನೋಡಿ ನೋಡಿಯೇ ಕೆಲಸ ಕಲಿತರು. ಮೇಸ್ತ್ರಿಗೆ ಕೈ ನಡುಗಲು ಶುರುವಾದಾಗ ಒಲೆ ಇವರದಾಯಿತು. ಇವರ ಪಫ್ ಅಂದರೆ ಪಫ್. ಹಿಟ್ಟು ಲಟ್ಟಿಸಿ, ವನಸ್ಪತಿ ಸವರಿ, ಮಡಚಿ, ತಣ್ಣಗೆ ಮಲಗಿಸಿ, ಮತ್ತೆ ಲಟ್ಟಿಸಿ, ಮತ್ತೆ ಮಡಚಿ, ಕೊನೆಗೆ ಒಲೆಗೆ ಹೋದರೆ ಹಾಳೆ ಹಾಳೆಯಾಗಿ ಎದ್ದು ನಿಲ್ಲುತ್ತದೆ. ಕಚ್ಚಿದರೆ ಅಂಗಿಯ ತುಂಬ ಉದುರುತ್ತದೆ. ಅದಕ್ಕೇ ಬೀದಿಯವರೆಲ್ಲ ಅವರನ್ನು ಪದರದಣ್ಣ ಎನ್ನುವುದು. ಪಫ್ ಚೌಕ ಕತ್ತರಿಸುವಾಗ ಉಳಿಯುವ ಅಂಚುಗಳನ್ನು ಎಸೆಯಲು ಮನಸ್ಸಾಗದೆ, ಬೇಯಿಸಿ, ಚಹಾ ಜೊತೆ ತಾವೇ ತಿಂದು ಮುಗಿಸುವುದು ಅವರ ರೂಢಿ. ಅದನ್ನವರು ತಿಂಡಿ ಎಂದೇ ಪರಿಗಣಿಸಿರಲಿಲ್ಲ.

ಇನ್ನು ಸ್ವಭಾವ. ಬಾಗಿಲಲ್ಲಿ ಬೆಕ್ಕು ಮಲಗಿದ್ದರೂ “ಸ್ವಲ್ಪ ಜರುಗ್ತೀಯೇನಮ್ಮ” ಎಂದು ಕೇಳಿ, ಅದು ಜರುಗದಿದ್ದರೆ ತಾವೇ ಸುತ್ತಿಕೊಂಡು ಹೋಗುವ ಮನುಷ್ಯ.

ಒಂದು ದಿನ ಮೈದಾ ಮೂಟೆ ಎತ್ತಿಟ್ಟವರು ಅದರ ಮೇಲೇ ಕೂತುಬಿಟ್ಟರು. ಏದುಸಿರು. ಅತ್ತೆ ನೀರು ಹಿಡಿದು ಓಡಿಬಂದರು. ಮಾವನ ಅಣ್ಣ, ಇವರಷ್ಟೇ ತೆಳ್ಳಗಿದ್ದವರು, ಇದೇ ವಯಸ್ಸಿನಲ್ಲಿ ಮಾತಾಡುತ್ತ ಮಾತಾಡುತ್ತಲೇ ಹೃದಯ ನಿಂತು ಹೋಗಿದ್ದರು. ಅತ್ತೆ ಮಾವನನ್ನು ಅವತ್ತೇ ಡಾಕ್ಟರ ಹತ್ತಿರ ಎಳೆದೊಯ್ದು, ರಕ್ತ ಕೊಡಿಸಿ, ಮಾರನೆಯ ದಿನ ಫಲಿತಾಂಶ ಕೇಳಲು ಒಳಗೆ ಕಳಿಸಿ ತಾವು ಹೊರಗೆ ಕೂತರು. ಒಳಗೆ ಹೋದಷ್ಟೇ ಬೇಗ ಮಾವ ಹೊರಗೆ ಬಂದರು. ಮುಖ ಕೆಂಡ. ಮನೆಗೆ ಬಂದವರೇ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನಡೆದರು.

“ಏನಂದ್ರು ಮಾವ?” ಎಂದೆ.

“ನನಗೆ ಕೊಬ್ಬು ಜಾಸ್ತಿಯಂತೆ ಕಣೋ! ಇಳಿಸ್ಬೇಕಂತೆ!”

ಅತ್ತೆ ಕಿಸಕ್ಕನೆ ನಕ್ಕರು. ಅದೇ ತಪ್ಪಾಗಿದ್ದು.

“ನಗು, ನಗು. ಅಷ್ಟಕ್ಕೇ ನಿಲ್ಲಿಸಿದ್ರೆ ಬಿಡು ಅಂತಿದ್ದೆ. ‘ನಿಮ್ಮ ರಕ್ತದಲ್ಲೇ ಕೊಬ್ಬಿದೆ, ನಿಮ್ಮಪ್ಪಂಗೂ ಅಣ್ಣಂಗೂ ಇತ್ತಾ?’ ಅಂತ ಕೇಳಿದ್ರು! ಸತ್ತೋರನ್ನೂ ಬಿಡಲಿಲ್ಲ ಆಯಮ್ಮ!”

“ರೀ, ಅದು ಆ ಕೊಬ್ಬಲ್ಲ. ಮೈಯೊಳಗಿನ ಕೊಬ್ಬು.”

“ಮೈಯಲ್ಲಿ? ಎಲ್ಲಿದೆ ತೋರ್ಸು!” ಎಂದು ಮಾವ ಅಂಗಿ ಎತ್ತಿ ಪಕ್ಕೆಲುಬು ತೋರಿಸಿದರು. “ಮೈಯಲ್ಲಿ ಕೊಬ್ಬು ಇರೋನು ಇವನು. ಇವನಿಗೆ ಹೇಳಿದ್ರೆ ಒಪ್ತಿದ್ದೆ.”

ನಾನು ಉಸಿರು ಒಳಗೆಳೆದು ಹೊಟ್ಟೆ ಮರೆಮಾಡಲು ನೋಡಿದೆ.

ಅಲ್ಲಿಂದ ಶುರುವಾಯಿತು ಮಾವನ ವಿಚಾರಣೆ. ಹಾಲಿನವಳನ್ನು ಕೇಳಿದರು: “ಯಾವತ್ತಾದ್ರೂ ನಿನ್ನ ಹತ್ರ ಕೊಬ್ಬಿನ ಮಾತಾಡಿದ್ದೀನಾ ತಾಯಿ?” ಎದುರು ಮನೆಯ ಟೈಲರನ್ನು ಕೇಳಿದರು. ಗಿರಾಕಿಗಳಿಗೆಲ್ಲ ಎರಡೂ ಕೈಯಲ್ಲಿ ಪೊಟ್ಟಣ ಕೊಟ್ಟು “ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ” ಎನ್ನತೊಡಗಿದರು. ಪಫ್ ತಾನೇ, ಅವರೂ ಹೊಟ್ಟೆಗೇ ಹಾಕಿಕೊಂಡರು. ಡಾಕ್ಟರ ಮಾತೆತ್ತಿದರೆ ಮಾತ್ರ ಮಾವ ಎದ್ದು ಹೋಗುತ್ತಿದ್ದರು. ಮಾತ್ರೆ ಇಲ್ಲ, ಪಥ್ಯ ಇಲ್ಲ, ಅಂಚುಗಳ ಚಹಾ ತಪ್ಪಲಿಲ್ಲ. ಮೆಟ್ಟಿಲು ಹತ್ತುವಾಗ ಅವರು ನಡುವೆ ನಿಂತರೆ ಅತ್ತೆ ಒಳಗಿನಿಂದಲೇ ಕಿವಿಗೊಟ್ಟು, ಮತ್ತೆ ಹೆಜ್ಜೆ ಸಪ್ಪಳ ಕೇಳುವವರೆಗೆ ಕೈಯ ಸೌಟನ್ನು ಹಾಗೇ ಹಿಡಿದು ನಿಲ್ಲುತ್ತಿದ್ದರು.

“ನೀನು ಮಾತು ಮಾರೋನಲ್ವೇನೋ, ಇದೊಂದು ಮಾರು,” ಎಂದರು ಅತ್ತೆ ನನಗೆ.

ಶೋರೂಮಿನಲ್ಲಿ ನಮಗೆ ಕಲಿಸಿದ್ದು ಒಂದೇ: ಹೇಳಬೇಡ, ತೋರಿಸು. ಭಾನುವಾರ ಫ್ರಿಜ್ಜಿನಿಂದ ಎರಡು ಬಟ್ಟಲು ತೆಗೆದು ಮಾವನ ಮುಂದಿಟ್ಟೆ. ಒಂದರಲ್ಲಿ ವನಸ್ಪತಿ, ಇನ್ನೊಂದರಲ್ಲಿ ಎಣ್ಣೆ.

“ನೋಡಿ ಮಾವ. ಇದು ಹರಿಯುತ್ತೆ. ಇದು ಕಲ್ಲು.”

“ವನಸ್ಪತಿ ಗಟ್ಟಿಯಾಗುತ್ತೆ ಅಂತ ನನಗೆ ಪಾಠ ಹೇಳ್ತೀಯೇನೋ? ಗಟ್ಟಿಯಾಗದಿದ್ರೆ ಪದರ ಎಲ್ಲಿಂದ ಏಳುತ್ತೆ?”

“ಇದೇ ಥರ ಹೃದಯದ ನಾಳದೊಳಗೂ ಹೆಪ್ಪುಗಟ್ಟಿ ಕೂರುತ್ತೆ. ಡಾಕ್ಟ್ರು ಹೇಳಿದ್ದು ಈ ಕೊಬ್ಬು.”

ಮಾವ ವನಸ್ಪತಿಯ ಬಟ್ಟಲನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಗೆದ್ದೆ ಎಂದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ವನಸ್ಪತಿಯ ಅಂಚು ಕರಗಿ ಬಟ್ಟಲಿನ ಗೋಡೆ ಬಿಟ್ಟಿತು.

“ಕೈ ಬಿಸಿಗೇ ಕರಗ್ತಿದೆ. ಮೈಯೊಳಗೆ ಇನ್ನೂ ಬಿಸಿ ಇರಲ್ವಾ? ನಾನೇನು ಫ್ರಿಜ್ಜೇನೋ ಅಳಿಯ, ಒಳಗೆ ಹೆಪ್ಪುಗಟ್ಟೋಕೆ?”

ಶೋರೂಮಿನಲ್ಲೂ ಹೀಗೇ ಆಗುವುದು.

“ಗೊತ್ತಿಲ್ಲ ಮಾವ.”

“ಗೊತ್ತಿಲ್ದೆ ಯಾಕೋ ಹೇಳೋಕೆ ಬಂದೆ? ಮತ್ತೆ ಇದು ಯಾರಿಗೆ ಗೊತ್ತು?”

“ಆ ಡಾಕ್ಟ್ರಿಗೇ.”

ಮಾವ ಕರಗುತ್ತಿದ್ದ ವನಸ್ಪತಿಯನ್ನೇ ನೋಡಿದರು. ಹಿಟ್ಟು ಸರಿಯಾಗಿ ಉಬ್ಬದಿದ್ದರೆ ಕಾರಣ ತಿಳಿಯುವವರೆಗೆ ಊಟ ಮಾಡದ ಮನುಷ್ಯ ಅವರು. ನಾಳೆ ಬೆಳಗ್ಗೆಯೇ ಹೋಗೋಣ, ನೀನೂ ಬಾ ಎಂದರು. ಅತ್ತೆ ಅಡುಗೆಮನೆಯಿಂದ ನನಗೆ ಮಾತ್ರ ಕಾಣುವಂತೆ ಕೈಮುಗಿದರು. ನನ್ನ ವೃತ್ತಿಜೀವನದಲ್ಲಿ ಸೋತು ಕುದುರಿಸಿದ ಮೊದಲ ವ್ಯಾಪಾರ ಅದು.

ಡಾಕ್ಟರು ಚಿಕ್ಕ ವಯಸ್ಸಿನವರು, ಪಟಪಟ ಮಾತು. ಮಾವನ ಗುರುತು ತಕ್ಷಣ ಹತ್ತದೆ, ಒಳಗೆ ಬಂದವರಲ್ಲಿ ರೋಗಿ ನಾನೇ ಎಂದುಕೊಂಡು ಕುರ್ಚಿ ತೋರಿಸಿದರು. ಮಾವ ನಿಂತೇ ವನಸ್ಪತಿಯ ಪ್ರಶ್ನೆ ಕೇಳಿದರು.

“ಒಳ್ಳೇ ಪ್ರಶ್ನೆ,” ಎಂದರು ಡಾಕ್ಟರು. “ತಿಂದದ್ದು ಹಾಗೇ ಹೋಗಿ ನಾಳದಲ್ಲಿ ಗಟ್ಟಿಯಾಗಲ್ಲ. ಆದ್ರೆ ಗಟ್ಟಿ ಜಿಡ್ಡು ಜಾಸ್ತಿಯಾದ್ರೆ, ಅದರಲ್ಲೂ ಎಣ್ಣೆಯನ್ನ ಗಟ್ಟಿ ಮಾಡಿ ತಯಾರಿಸಿದ ವನಸ್ಪತಿ ಥರದ್ದು, ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರುತ್ತೆ. ಅದು ನಾಳದ ಗೋಡೆಯೊಳಗೆ ನುಸುಳಿ, ವರ್ಷಗಟ್ಟಲೆ ಕೂತು, ದಾರಿ ಕಿರಿದು ಮಾಡುತ್ತೆ. ತೆಳ್ಳಗಿದ್ದೋರಿಗೂ ಅಷ್ಟೇ. ಮನೆತನದಲ್ಲಿದ್ರೆ ಇನ್ನೂ ಹುಷಾರಾಗಿರ್ಬೇಕು. ಕಡಲೆಬೀಜ, ಬಾದಾಮಿ, ಸೂರ್ಯಕಾಂತಿ ಎಣ್ಣೆ, ಮೀನು, ಇವುಗಳ ಜಿಡ್ಡು ಒಳ್ಳೇದು. ಜಿಡ್ಡೇ ಬೇಡ ಅಂತಲ್ಲ.”

“ಹಾಗಾದ್ರೆ ಅವತ್ತು ಕೊಬ್ಬು ಅಂದಿದ್ದು...”

“ಇದನ್ನೇ. ನೀವೇನು ಅಂದ್ಕೊಂಡ್ರಿ?”

ಮಾವ ನಾಚಿಕೊಂಡು ಹೇಳಿದರು. ಡಾಕ್ಟರ ಕೈಯಿಂದ ಪೆನ್ನು ಬಿತ್ತು. ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. “ಅಯ್ಯೋ ಯಜಮಾನ್ರೇ, ಬಾಗಿಲಿಗೂ ಥ್ಯಾಂಕ್ಸ್ ಹೇಳಿ ಒಳಗೆ ಬಂದ ಮನುಷ್ಯರು ನೀವು! ನನ್ನದೇ ತಪ್ಪು, ಬಿಡಿಸಿ ಹೇಳ್ಬೇಕಿತ್ತು.”

ಮಾವನೂ ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದರು: “ನನ್ನ ಪಫ್ ತಿಂದೋರಿಗೆಲ್ಲ ಇದೇ ಗತಿನಾ ತಾಯಿ?”

“ಅಪರೂಪಕ್ಕೆ ತಿಂದ್ರೆ ಏನಾಗಲ್ಲ. ದಿನಾ ತಿನ್ನೋದು ಬೇಡ. ಆ ವನಸ್ಪತಿಯಂತೂ ಬೇಡವೇ ಬೇಡ.”

ಮಾತ್ರೆ ಶುರುವಾಯಿತು, ಅಂಚುಗಳ ಚಹಾ ನಿಂತಿತು. ಬೇಕರಿಯಲ್ಲಿ ದೊಡ್ಡ ಕ್ರಾಂತಿಯೇ ನಡೆಯಿತು. ಎಣ್ಣೆ ಹಾಕಿ ಮಾಡಿದ ಮೊದಲ ಪಫ್ ಏಳಲೇ ಇಲ್ಲ. ಒಲೆಯಿಂದ ಹೊರಗೆ ಬಂದಾಗ ಚಪ್ಪಲಿಯ ಅಟ್ಟೆಯಂತಿತ್ತು.

“ಎಷ್ಟನೇ ನಂಬರಿನದು ರೀ, ನನ್ನ ಕಾಲಿಗಾಗುತ್ತಾ?” ಎಂದರು ಅತ್ತೆ.

ಹಟ ಬಿಡದ ಮಾವ ಬನ್ನು, ಬ್ರೆಡ್ಡುಗಳನ್ನು ಎಣ್ಣೆಗೆ ಒಗ್ಗಿಸಿದರು. ಕಾಳು, ಬೀಜ ಸೇರಿಸಿ ಹೊಸ ರುಚಿ ಕಟ್ಟಿದರು. ಪಫ್ಫಿಗೆ ಮಾತ್ರ ಬೆಣ್ಣೆ, ಅದೂ ವಾರಕ್ಕೊಮ್ಮೆ, ಶನಿವಾರ. “ಬೆಣ್ಣೆಯೂ ಸಾಚಾ ಏನಲ್ಲ, ಅಪರೂಪಕ್ಕೆ ತಿನ್ನಿ” ಎಂದು ಗಿರಾಕಿಗಳಿಗೆ ಹೇಳಿಯೇ ಪೊಟ್ಟಣ ಕಟ್ಟುತ್ತಾರೆ. ಸ್ವಂತ ಸಾಮಾನನ್ನು ಬೈದು ಮಾರುವ ಇಂಥ ಅಂಗಡಿ ಎದುರು ಶನಿವಾರ ಸಾಲು ನಿಲ್ಲುತ್ತದೆ. ನಮ್ಮ ಮ್ಯಾನೇಜರಿಗೆ ಹೇಳಿದರೆ ನಂಬಲಿಲ್ಲ.

ಮೊನ್ನೆ ಮತ್ತೆ ರಕ್ತ ಪರೀಕ್ಷೆ. ಈ ಸಲ ಫಲಿತಾಂಶ ಕೇಳಲು ಅತ್ತೆಯೂ ಒಳಗೇ ಬಂದು, ಡಾಕ್ಟರು ಬಾಯಿ ತೆರೆಯುವವರೆಗೆ ನನ್ನ ಮಣಿಕಟ್ಟು ಹಿಂಡುತ್ತಿದ್ದರು.

“ತುಂಬ ಚೆನ್ನಾಗಿ ಕಮ್ಮಿಯಾಗಿದೆ. ಕೆಲಸ ಮಾಡ್ಕೊಂಡು ಹಾಯಾಗಿರಿ. ಮಾತ್ರೆ ಮಾತ್ರ ಬಿಡ್ಬೇಡಿ.”

ಮಣಿಕಟ್ಟು ಬಿಡುಗಡೆಯಾಯಿತು. ಮಾವ ಕುರ್ಚಿಯ ತುದಿಗೆ ಜರುಗಿದರು.

“ಹಾಗಾದ್ರೆ, ವಾರಕ್ಕೊಂದು ಪಫ್...”

“ತಿಂಗಳಿಗೊಂದು.”

“ಮಾಡೋನೇ ರುಚಿ ನೋಡದೆ ಹೇಗೆ ತಾಯಿ? ಹದಿನೈದು ದಿನಕ್ಕೆ?”

“ಸರಿ, ಹದಿನೈದು ದಿನಕ್ಕೆ ಅರ್ಧ.”

“ಅರ್ಧ ಪಫ್ ಯಾರು ತಿಂತಾರೆ!”

“ಇನ್ನರ್ಧ ನನ್ನದು,” ಎಂದರು ಅತ್ತೆ.

ಶನಿವಾರ ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಕೂತರು. ಅತ್ತೆ ಚಾಕು ಹಿಡಿದರೆ ಮಾವ ಬಿಡಲಿಲ್ಲ, ಪದರ ಹಾಳಾಗುತ್ತದಂತೆ. ತಾವೇ ಗರಗಸದ ಹಾಗೆ ಮೆತ್ತಗೆ ಎಳೆದು ಕತ್ತರಿಸಿ, ದೊಡ್ಡ ಹೋಳನ್ನು ಅತ್ತೆಯ ಕಡೆ ತಳ್ಳಿದರು. ಅತ್ತೆ ಅದನ್ನು ವಾಪಸು ತಳ್ಳಲಿಲ್ಲ. ತಿಂದು ಮುಗಿಸಿ, ಮಾವನ ಅಂಗಿಯ ಮೇಲೆ ಉದುರಿದ ಪುಡಿಯನ್ನೂ ಬೆರಳಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡರು.